ತಾಯಿಹಾಲು ಮರೆತ ಅಕ್ಕ

ತಿಂಗಳು ತುಂಬುವ ಮೊದಲೇ ಹುಟ್ಟಿಬಿಡುವ ಕೂಸುಗಳಿಗೆ ಉಸಿರಿನ ಕಷ್ಟ ಒಂದಾದರೆ ಹೊಟ್ಟೆಯ ಕಷ್ಟ ಇನ್ನೊಂದು. ಉಸಿರಿಗೆ ಯಂತ್ರವಿದೆ. ಹೊಟ್ಟೆಗೆ ಏನಿದೆ? ಅಂಗೈಯಷ್ಟು ಕೂಸು, ಅದರೊಳಗೆ ಈರುಳ್ಳಿ ಪೊರೆಯಷ್ಟು ತೆಳುವಾದ ಕರುಳು. ಅಲ್ಲಿಗೆ ಯಾವ ಸೂಕ್ಷ್ಮಜೀವಿ ಮೊದಲು ಕಾಲಿಡುತ್ತದೋ ಅದರದೇ ರಾಜ್ಯ. ಒಳ್ಳೆಯದು ಬಂದರೆ ಸರಿ. ಕೆಟ್ಟದ್ದು ಬಂತೋ, ಕರುಳು ಉಬ್ಬಿ, ಕಪ್ಪಾಗಿ, ನೋಡನೋಡುತ್ತಿದ್ದಂತೆ ಸತ್ತೇಹೋಗುತ್ತದೆ. ಕರುಳಿನ ಹಿಂದೆಯೇ ಕೂಸು. ಹಾಗಾದರೆ ಕೆಟ್ಟದ್ದಕ್ಕಿಂತ ಮೊದಲೇ ಒಳ್ಳೆಯದೊಂದನ್ನು ಒಳಗೆ ಕಳಿಸಿ, ಅದು ಅಲ್ಲೇ ಮನೆ ಮಾಡಿ, ಬಾಗಿಲಲ್ಲಿ ಕಾವಲು ಕೂತುಬಿಟ್ಟರೆ?

'ತೊಟ್ಟಿಲು' ಆಸ್ಪತ್ರೆಯಲ್ಲಿ ಹಾಗೆ ಕಾವಲು ಕೂತವಳ ಹೆಸರು ಅಕ್ಕ.

ಹೆಸರಿಟ್ಟವರು ವಾರ್ಡಿನ ಸಿಸ್ಟರುಗಳು. ಕಾಗದದ ಮೇಲೆ ಅವಳಿಗಿದ್ದದ್ದು ಒಂದು ನಂಬರು. ಆದರೆ ಹುಬ್ಬಳ್ಳಿ-ಗದಗ ರಸ್ತೆಯ ಆ ಆಸ್ಪತ್ರೆಯಲ್ಲಿ ನಂಬರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಹೊಸ ಕೂಸು ಗಾಜಿನ ಪೆಟ್ಟಿಗೆಗೆ ಬಂದ ಕೂಡಲೇ ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: "ಅಕ್ಕನ್ನ ಕಳಿಸಿದ್ರ್ಯಾ?" ತಾಯಿಯ ಮೊದಲ ಹಾಲಿನಲ್ಲಿ ಒಂದು ಹನಿ ಅಕ್ಕನನ್ನು ಬೆರೆಸಿ, ಮೂಗಿನ ಕೊಳವೆಯಿಂದ ಇಳಿಸಿದರೆ ಮುಗಿಯಿತು. ತಾಯಿಹಾಲಿನಲ್ಲಿ ಕೂಸಿಗೇ ಜೀರ್ಣವಾಗದ ಒಂದು ಬಗೆಯ ಸಕ್ಕರೆ ಇದೆ. ಕೂಸಿಗಲ್ಲದ್ದು ಮತ್ತೆ ಯಾರಿಗೆ? ಅಕ್ಕನಂಥವರಿಗೆ. ಅದನ್ನು ತಿಂದು ಅಕ್ಕ ಹೆಚ್ಚುತ್ತಾಳೆ, ಕರುಳಿನ ಗೋಡೆಗೆ ಅಂಟಿ ಕೂರುತ್ತಾಳೆ, ಕೆಟ್ಟವಕ್ಕೆ ಕಾಲಿಡಲು ಜಾಗವನ್ನೇ ಕೊಡುವುದಿಲ್ಲ.

ವಾರ್ಡಿನ ಪಕ್ಕದ ಕೋಣೆಯಲ್ಲಿ ಗೋಡೆಯಷ್ಟು ದೊಡ್ಡ ಪರದೆ. ಪ್ರತಿ ಕೂಸಿನ ಲಂಗೋಟಿಯಲ್ಲಿ ಬೆರಳಗಲದ ಒಂದು ಪಟ್ಟಿ ಇರುತ್ತಿತ್ತು. ಅದು ಕರುಳಿನ ಸುದ್ದಿಯನ್ನು ಪರದೆಗೆ ಕಳಿಸುತ್ತಿತ್ತು. ಪರದೆಯ ಮೇಲೆ ಒಂದೊಂದು ಕೂಸೂ ಒಂದೊಂದು ಪುಟ್ಟ ಹೊಳೆ. ಅಕ್ಕ ಇದ್ದಲ್ಲೆಲ್ಲ ಹಸಿರು, ಕೆಟ್ಟವು ಸೇರಿದಲ್ಲಿ ಕಂದು. ಹಸಿರು ಹೊಳೆಗಳ ಸಾಲನ್ನು ನೋಡುತ್ತ ನಿಲ್ಲುವುದೆಂದರೆ ನೀಲಗಂಗಾಳಿಗೆ ಊಟ ನಿದ್ದೆ ಎರಡೂ ಬೇಡ.

ಏಕೆಂದರೆ ಅಕ್ಕ ಅವಳ ಮಗಳು.

ಕೆಲವು ವರ್ಷಗಳ ಹಿಂದೆ ನೀಲಗಂಗಾ ಇದೇ ಆಸ್ಪತ್ರೆಯಲ್ಲಿ ಹೆಣ್ಣುಕೂಸನ್ನು ಹೆತ್ತಿದ್ದಳು, ದಿನ ತುಂಬುವ ಬಹಳ ಮುಂಚೆ. ಆಗ ವಾರ್ಡಿನಲ್ಲಿ ಹೊಟ್ಟೆ ಉಬ್ಬುವ ಆ ರೋಗ ಹರಡಿತ್ತು. ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟುತ್ತಿದ್ದ ರೋಗ ಅವಳ ಕೂಸಿನ ಪೆಟ್ಟಿಗೆಯನ್ನು ಮಾತ್ರ ಬಿಟ್ಟಿತು. ಕೂಸು ಬದುಕಲಿಲ್ಲ, ಆ ಮಾತು ಬೇರೆ, ಪುಪ್ಪುಸ ಬಲಿತಿರಲಿಲ್ಲ. ಆದರೆ ಹೊಟ್ಟೆ ಕೊನೆಯವರೆಗೂ ಹೂವಿನಂತೆ ಮೆತ್ತಗಿತ್ತು. ವಾರ್ಡಿನ ಹಿರಿಯ ವೈದ್ಯೆ ಶಹನಾಜ್ ಮುಲ್ಲಾ ಆ ಕೂಸಿನ ಲಂಗೋಟಿಯನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಸಿಕ್ಕಿದ್ದು, ಮತ್ತೆ ಯಾವ ಕೂಸಿನಲ್ಲೂ ಸಿಗದ ಒಂದು ಜೀವಿ. ಅದರ ಕೆಲವೇ ಶೀಶೆಗಳನ್ನು ಹೆಪ್ಪುಗಟ್ಟಿಸಿ ಇಟ್ಟರು. ನೀಲಗಂಗಾಳ ಒಪ್ಪಿಗೆ ಕೇಳಿದಾಗ ಅವಳು ಹಾಲಿನ ಡೇರಿಯ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಳು. ಒಂದೇ ಮಾತು ಹೇಳಿದಳು: "ತಗೋರಿ. ಆದ್ರ ನನ್ನ ಕೂಸಿಂದು ನಾನ ನೋಡ್ಕೋತೀನ್ರಿ."

ಡೇರಿ ಬಿಟ್ಟು ಇಲ್ಲಿಗೆ ಬಂದಳು. ಅಕ್ಕನನ್ನು ಬೆಳೆಸುವ ಬೀಜದ ಕೋಣೆ ಅವಳದಾಯಿತು.

ಬೀಜದ ಕೋಣೆಗೆ ಒಂದು ನಿಯಮವಿತ್ತು. ಹೊಸ ಹದ, ಅಂದರೆ ಕೂಸುಗಳಿಗೆ ಕೊಡಲು ಹೊಸದಾಗಿ ಬೆಳೆಸಿದ ಅಕ್ಕ, ಬೇಕಾದಾಗಲೆಲ್ಲ ಹೆಪ್ಪುಗಟ್ಟಿದ ಮೂಲ ಶೀಶೆಯಿಂದಲೇ ಶುರುಮಾಡಬೇಕು. ಮೂಲೆಯಲ್ಲಿದ್ದ ಉಕ್ಕಿನ ಹಂಡೆಯೊಳಗೆ ಹೊಗೆಯಾಡುವ ಚಳಿ. ಆ ಚಳಿಯಲ್ಲಿ ಶೀಶೆಗಳು. ನೀಲಗಂಗಾ ಮೊದಲ ಸಲ ಮುಚ್ಚಳ ತೆಗೆದು ಶೀಶೆ ಎತ್ತಿದಾಗ ಕೈಗವಸಿನ ಆಚೆಯಿಂದಲೂ ಆ ಥಂಡಿ ಬೆರಳಿಗೆ ಬಂತು. ಗಂಡ ವೀರೇಶ ಊರಿಂದ ಬರುವ ತನಕ ಕೂಸನ್ನು ಆಸ್ಪತ್ರೆಯವರು ಶವದ ಕೋಣೆಯ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆಮೇಲೆ ತಂದು ಮಡಿಲಿಗೆ ಹಾಕಿದಾಗ ಇದೇ ಥಂಡಿ. ಸೆರಗಿನೊಳಗೆ ಸುತ್ತಿ, ಎದೆಗೆ ಒತ್ತಿಕೊಂಡು, ಹೂಳುವ ಜಾಗ ಬರುವವರೆಗೂ ಬಿಸಿ ಮಾಡಲು ನೋಡಿದ್ದಳು. ಆಗಿರಲಿಲ್ಲ.

ಅಂದಿನಿಂದ ಅವಳು ಹಂಡೆಯ ಮುಚ್ಚಳ ತೆಗೆಯಲಿಲ್ಲ. ಅದರ ಅಗತ್ಯವೂ ಅವಳಿಗೆ ಕಾಣಲಿಲ್ಲ. ಮನೆಯಲ್ಲಿ ಅತ್ತೆ ಬಸಲಿಂಗವ್ವ ಮಾಡುವುದೇನು? ಇವತ್ತಿನ ಮೊಸರಿನಲ್ಲಿ ಒಂದು ಚಮಚ ನಾಳೆಗೆ ಎತ್ತಿಡುವುದು. ಮದುವೆಯಾಗಿ ಬಂದಾಗ ತವರಿಂದ ತಂದ ಹೆಪ್ಪು, ಒಂದು ದಿನವೂ ತಪ್ಪದೆ, ಇವತ್ತಿಗೂ ಅದೇ ಗಡಿಗೆಯಲ್ಲಿ. ನೀಲಗಂಗಾ ಹಾಗೆಯೇ ಮಾಡಿದಳು. ಇವತ್ತಿನ ಅಕ್ಕನಲ್ಲಿ ಒಂದಿಷ್ಟು ತೆಗೆದು ನಾಳಿನ ಸೀಸೆಗೆ. ಬೆಚ್ಚಗಿನ ಪೆಟ್ಟಿಗೆಯಲ್ಲಿ, ಆಕಳ ಹಾಲಿನ ಪುಡಿ ಕದಡಿದ ತಿಳಿಯಲ್ಲಿ. ತಾಯಂದಿರ ಹಾಲು ಕೂಸುಗಳಿಗೇ ಸಾಲುತ್ತಿರಲಿಲ್ಲ, ಪ್ರಯೋಗಾಲಯಕ್ಕೆ ಎಲ್ಲಿಂದ ತರುವುದು? ಬೆಳಿಗ್ಗೆ ಪೆಟ್ಟಿಗೆ ತೆರೆದರೆ ಸೀಸೆ ಬೆಚ್ಚಗೆ ಮೋಡಮೋಡವಾಗಿರುತ್ತಿತ್ತು. ಗುರುತು ಹಿಡಿಯುವ ಯಂತ್ರಕ್ಕೆ ಒಂದು ಹನಿ ಕೊಟ್ಟರೆ ಅದು 'ಅಕ್ಕ' ಎಂದು ಹಸಿರು ದೀಪ ತೋರಿಸುತ್ತಿತ್ತು. ನೀಲಗಂಗಾ ಸೀಸೆಯನ್ನು ಕೆನ್ನೆಗೆ ಒತ್ತಿಕೊಂಡು, "ಎದ್ದ್ಯಾ?" ಅನ್ನುತ್ತಿದ್ದಳು. ಮೂಲ ಶೀಶೆಯ ಸುದ್ದಿ ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ವರ್ಷಗಳು ಹೀಗೇ ಹೋದವು.

ಆ ಬೇಸಿಗೆಯಲ್ಲಿ ನಾದಿನಿ ದಾಕ್ಷಾಯಣಿ ಬಾಣಂತನಕ್ಕೆಂದು ಮುಂಚೆಯೇ ಬಂದಳು. ಕುಮಟಾದಲ್ಲಿ ಶಾಲೆಯ ಟೀಚರು. ಬಾಯಿಗೆ ಬೀಗವಿಲ್ಲದ ಹುಡುಗಿ. ಬ್ಯಾಗು ಬಿಚ್ಚಿದರೆ ಸೀರೆಗಳ ಮಡಿಕೆಯಲ್ಲಿ ಒಣಗಿದ ಸುರಗಿ ಹೂವಿನ ದಂಡೆ. ಮನೆಯೆಲ್ಲ ಘಮ್ ಎಂದಿತು.

"ಒಣಗಿದ ಹೂವಾ ಯಾಕ ತಂದೀಯ?" ಬಸಲಿಂಗವ್ವ ಮೂಗು ಮುರಿದಳು.

"ಯವ್ವಾ, ಇದು ನಿನ್ನ ಮಲ್ಲಿಗಿ ಅಲ್ಲ, ಸಂಜೀಕ ಸಾಯಾಕ. ಒಣಗಿದಷ್ಟೂ ವಾಸನಿ ಹಿಡಕೊಂಡಿರತೈತಿ."

ಅವಳು ಗಡಿಗೆಗೆ ಬೆರಳಿಟ್ಟು ಮೊಸರು ನೆಕ್ಕಿದಳು. ಬಸಲಿಂಗವ್ವ ಕೈಮೇಲೆ ಒಂದು ಕೊಟ್ಟಳು. "ಎಂಜಲ ಬೆರಳ ಹಾಕಬ್ಯಾಡ. ಹೆಪ್ಪ ಕೆಟ್ರ ಮನಿ ಕೆಟ್ಟಂಗ."

"ನಿಮ್ಮ ಮನ್ಯಾಗ ಇಬ್ಬರೂ ಹೆಪ್ಪಿನ ಹುಚ್ಚರು. ನೀ ಗಡಿಗ್ಯಾಗ, ವೈನಿ ಆಸ್ಪತ್ರ್ಯಾಗ." ದಾಕ್ಷಾಯಣಿ ನಕ್ಕು ನೀಲಗಂಗಾಳ ಭುಜಕ್ಕೆ ಒರಗಿದಳು. "ವೈನಿ, ನನ್ನ ಕೂಸಿಗೆ ನಿನ್ನ ಮಗಳು ಬ್ಯಾಡಾ. ನಾ ದಿನಾ ತುಂಬಿಸೇ ಹಡೀತೀನಿ."

"ಹಂಗ ಆಗ್ಲವಾ," ಅಂದಳು ನೀಲಗಂಗಾ.

ಒಂದು ಮಾತು ಇಬ್ಬರ ನಡುವೆ ಯಾವಾಗಲೂ ಸುಮ್ಮನೆ ಕೂತಿರುತ್ತಿತ್ತು. ನೀಲಗಂಗಾ ಬಸುರಿಯಾಗಿದ್ದಾಗ ಕೂಸಿಗೆ ಹೆಸರು ಆರಿಸಿದವಳು ದಾಕ್ಷಾಯಣಿ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವುದು, ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುವುದು. ಅಲ್ಲಿಯವರೆಗೆ ಹೆಸರು ಬಾಯಿಬಿಡಬಾರದು ಅಂತ ಅವಳ ಹಟ. ಎಷ್ಟು ಕಾಡಿದರೂ ಹೇಳಿರಲಿಲ್ಲ. ತೊಟ್ಟಿಲೇ ಕಟ್ಟಲಿಲ್ಲ. ಆ ಹೆಸರು ಏನೆಂದು ನೀಲಗಂಗಾ ಆಮೇಲೆ ಕೇಳಲಿಲ್ಲ, ದಾಕ್ಷಾಯಣಿಯೂ ಹೇಳಲಿಲ್ಲ.

ದಿನ ತುಂಬಲಿಲ್ಲ. ಬಂದ ವಾರದೊಳಗೇ ನೋವು ಕಾಣಿಸಿಕೊಂಡು, ವೀರೇಶ ರಿಕ್ಷಾದಲ್ಲಿ ತಂಗಿಯನ್ನು ಆಸ್ಪತ್ರೆಗೆ ತಂದ. ಗಂಡುಕೂಸು. ಎರಡೂ ಕೈ ಜೋಡಿಸಿದರೆ ಅದರಲ್ಲಿ ಮಲಗುವಷ್ಟು. ಹೆರಿಗೆ ಕೋಣೆಯಿಂದ ಹೊರಗೆ ಬಂದ ದಾಕ್ಷಾಯಣಿ ನೀಲಗಂಗಾಳ ಕೈ ಬಿಡಲಿಲ್ಲ.

"ವೈನಿ, ನಾ ಅವತ್ತ ಬ್ಯಾಡಾ ಅಂದಿದ್ದೆ. ಬಾಯಿ ತಪ್ಪಿ ಅಂದಿದ್ದು. ಅಕ್ಕನ್ನ ಕಳಿಸು."

"ನಾನ ಕೈಯಾರೆ ಹಾಕ್ತೀನಿ. ನೀ ಮಲ್ಕೋ."

ಹಾಕಿದಳು. ಸೀಸೆಯನ್ನು ಕೆನ್ನೆಗೆ ಮುಟ್ಟಿಸಿ, "ತಮ್ಮ ಬಂದಾನ, ನೋಡ್ಕೋ," ಅಂದು, ದಾಕ್ಷಾಯಣಿಯ ಹಳದಿ ಬಣ್ಣದ ಮೊದಲ ಹಾಲಿನಲ್ಲಿ ಒಂದು ಹನಿ ಬೆರೆಸಿ ಕೊಳವೆಗೆ ಬಿಟ್ಟಳು. ಪರದೆಯ ಮೇಲೆ ಹೊಸ ಹೊಳೆಯೊಂದು ಹುಟ್ಟಿ ಮೆಲ್ಲಗೆ ಹಸಿರಾಯಿತು.

ಸಂಜೆಯ ಹೊತ್ತಿಗೆ ಹಸಿರು ತೆಳುವಾಯಿತು. ಸಿಸ್ಟರು ಇನ್ನೊಂದು ಹನಿ ಕೇಳಿದರು. ಅದರಲ್ಲಿ ಹೊಸದೇನೂ ಇರಲಿಲ್ಲ. ಮೊದಲೆಲ್ಲ ಒಂದೇ ಹನಿ ಸಾಕಾಗುತ್ತಿತ್ತು. ಆಮೇಲೆ ದಿನಕ್ಕೊಂದು ಅಂತಾಯಿತು. ಈಚೆಗೆ ಹಾಲು ಕೊಟ್ಟಾಗೊಮ್ಮೆ ಒಂದು. ಯಾವಾಗಿಂದ ಹೀಗಾಯಿತು ಎಂದು ಯಾರಿಗೂ ನೆನಪಿಲ್ಲ. ಹಗ್ಗ ಸವೆಯುವುದು ಕಣ್ಣಿಗೆ ಬೀಳುವುದಿಲ್ಲ, ಹರಿದಾಗಲೇ ಗೊತ್ತಾಗುವುದು. ನೀಲಗಂಗಾ ಸುಮ್ಮನೆ ದೊಡ್ಡ ಸೀಸೆಗಳಲ್ಲಿ ಬೆಳೆಸಿ ಹೆಚ್ಚು ಹೆಚ್ಚು ಕೊಡುತ್ತಿದ್ದಳು. ಮಗಳು ಬೇಗ ಬೇಗ ಬೆಳೆಯುತ್ತಾಳೆ ಎಂದು ಹಿಗ್ಗುತ್ತಿದ್ದಳು ಕೂಡ.

ಮರುದಿನ ಬಾಗಿಲ ಹತ್ತಿರದ ಪೆಟ್ಟಿಗೆಯ ಕೂಸು ಹಸಿರು ವಾಂತಿ ಮಾಡಿತು. ಅದರಾಚೆ ಒಂದು ದಿನ ಕಳೆದು, ದಾಕ್ಷಾಯಣಿಯ ಕೂಸಿನ ಹೊಟ್ಟೆ ಬಿಗಿಯಿತು. ಪರದೆಯ ಮೇಲೆ ಅದರ ಹೊಳೆಯ ಒಂದು ತಿರುವಿನಲ್ಲಿ ಕಂದು ಚುಕ್ಕೆ.

ಶಹನಾಜ್ ಡಾಕ್ಟರು ಬೀಜದ ಕೋಣೆಗೆ ಬಂದರು. ಕೂರಲಿಲ್ಲ.

"ನೀಲಾ, ಅಕ್ಕನ್ನ ಯಂತ್ರಕ್ಕ ಹಾಕಿ ನೋಡಿದ್ಯಾ?"

"ನೋಡೇನ್ರಿ ಮ್ಯಾಡಮ್. ಹಸರ ತೋರಸ್ತೈತಿ. ಅಕ್ಕನ ಅದಾಳ."

"ಅದಾಳ. ಆದ್ರ ಕೆಲಸ ಮಾಡವಲ್ಲಳು. ಹನಿ ಬಿದ್ದಾಗ ಹಸರ, ಮತ್ತ ಸಂಜೀಕ ಖಾಲಿ. ಕರುಳಿಗೆ ಅಂಟಿಕೊಳ್ಳವಲ್ಲಳು. ಯಾಕ?"

ಡಾಕ್ಟರು ವಾರ್ಡಿಗೆ ಓಡಿದರು. ಹಾಲು ನಿಲ್ಲಿಸಿ ಔಷಧ ಶುರುಮಾಡುವುದಿತ್ತು. ನೀಲಗಂಗಾ ಒಬ್ಬಳೇ ಉಳಿದಳು. ಯಾಕ ಅನ್ನುವ ಆ ಮಾತು ಕೋಣೆಯಲ್ಲೇ ನಿಂತಿತ್ತು. ಯಂತ್ರ ಕೇಳುವುದು ಒಂದೇ ಪ್ರಶ್ನೆ, ನೀನು ಯಾರು ಎಂದು. ನಿನಗೇನು ಬರುತ್ತದೆ ಎಂದು ಅದು ಕೇಳುವುದಿಲ್ಲ. ಹಾಗಾದರೆ ತಾನೇ ಕೇಳಬೇಕು.

ದಾಕ್ಷಾಯಣಿಯ ಹಾಲು ಸ್ವಲ್ಪ ಉಳಿದಿತ್ತು. ಒಂದು ಗಾಜಿನ ನಳಿಗೆಗೆ ಅದನ್ನು ಹಾಕಿದಳು, ಇನ್ನೊಂದಕ್ಕೆ ದಿನದ ಆಕಳ ಹಾಲಿನ ತಿಳಿ. ಎರಡಕ್ಕೂ ಅಕ್ಕನನ್ನು ಬಿಟ್ಟು ಬೆಚ್ಚಗಿಟ್ಟಳು. ಕೂತಲ್ಲಿ ಕೂರಲಾಗದೆ ವಾರ್ಡಿನ ಗಾಜಿಗೆ ಹಣೆ ಹಚ್ಚಿ ನಿಂತಳು. ತಿರುಗಿ ಬಂದು ನೋಡಿದರೆ ಆಕಳ ಹಾಲಿನ ನಳಿಗೆಯಲ್ಲಿ ಅಕ್ಕ ಮೋಡದಂತೆ ತುಂಬಿಕೊಂಡಿದ್ದಳು. ತಾಯಿಹಾಲಿನ ನಳಿಗೆ ಹಾಕಿದಾಗ ಹೇಗಿತ್ತೋ ಹಾಗೇ ಇತ್ತು. ಅಕ್ಕ ಅಲ್ಲಿ ತಳದಲ್ಲಿ ಕೂತಿದ್ದಳು, ಉಣ್ಣಲು ಗೊತ್ತಿಲ್ಲದ ಕೂಸಿನಂತೆ.

ನೀಲಗಂಗಾಳಿಗೆ ಒಂದೇ ಏಟಿಗೆ ತಿಳಿಯಿತು. ಡೇರಿಯಲ್ಲಿದ್ದವಳು, ತಿಳಿಯದೇ ಇರುವುದು ಹೇಗೆ. ದಿನವೂ ಹೊಸ ತಲೆಮಾರು, ದಿನವೂ ಆಕಳ ಹಾಲು. ಅಲ್ಲಿ ತಾಯಿಹಾಲಿನ ಸಕ್ಕರೆ ಇಲ್ಲ. ಅದನ್ನು ಮುರಿಯುವ ವಿದ್ಯೆ ಹೊತ್ತುಕೊಂಡು ತಿರುಗುವವರು ಹಿಂದೆ ಬಿದ್ದರು, ಅದನ್ನು ಕಳೆದುಕೊಂಡ ಹಗುರದವರು ಮುಂದೆ ಓಡಿದರು. ಹಾಗೇ ಸಾವಿರಾರು ತಲೆಮಾರು. ಗೋಡೆಗೆ ಅಂಟುವ ವಿದ್ಯೆಯೂ ಹಾಗೇ ಹೋಯಿತು. ಗಾಜಿನ ಸೀಸೆಯಲ್ಲಿ ಅಂಟಿ ಕೂರುವುದೆಲ್ಲಿಗೆ? ಅವಳು ಮುದ್ದು ಮಾಡಿ ಬೆಚ್ಚಗೆ ಬೆಳೆಸಿದ್ದಳು. ಬೆಚ್ಚಗಿದ್ದು ಇದ್ದು ಮಗಳು ತಾಯಿಹಾಲನ್ನೇ ಮರೆತಿದ್ದಳು.

ವಾರ್ಡಿಗೆ ಹೋಗಿ ಡಾಕ್ಟರ ಮುಂದೆ ಎರಡೂ ನಳಿಗೆ ಹಿಡಿದಳು.

"ಮೂಲ ಶೀಶೆಯಿಂದ ಯಾವಾಗ ತಗದಿದ್ದಿ?" ಡಾಕ್ಟರು ಕೇಳಿದರು.

"ಒಮ್ಮೆ ತಗದಿದ್ದೆ ಅಷ್ಟ. ಬಂದ ಹೊಸದಾಗಿ."

"ಆಮ್ಯಾಲೆ?"

"ಹೆಪ್ಪಿನಂಗ ಮುಂದವರಿಸೇನ್ರಿ."

ಡಾಕ್ಟರು ಎರಡೂ ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ಯಾಕ್ ನೀಲಾ?" ಅಂದರು, ಮೆಲ್ಲಗೆ.

"ಥಂಡಿ ಇತ್ರಿ ಅಲ್ಲಿ."

"ಹೋಗು," ಅಂದರು ಶಹನಾಜ್ ಡಾಕ್ಟರು. "ಈಗ ಹೋಗಿ ತಗಿ. ಇನ್ನೂ ಬ್ಯಾರೆ ಕೂಸು ಅದಾವು."

ಹಂಡೆಯ ಮುಚ್ಚಳ ಎತ್ತಿದಾಗ ಬಿಳಿ ಹೊಗೆ ಮುಂಗೈಗೆ ಹತ್ತಿತು. ಶೀಶೆ ತೆಗೆದಳು. ಅಂಗೈಯಲ್ಲಿ ಮುಚ್ಚಿ ಹಿಡಿದಳು. ಅದು ಈ ಸಲ ಕರಗಿತು. ಮಂಜಿನ ಮುತ್ತು ಹನಿಯಾಯಿತು. ತಾಯಿಹಾಲಿಗೆ ಬಿಟ್ಟಳು. ಬೆಳೆಯಬೇಕು, ಕೂಸುಗಳಿಗೆ ಕೊಡುವಷ್ಟಾಗಬೇಕು. ಹೊತ್ತು ಬೇಕು. ದಾಕ್ಷಾಯಣಿಯ ಕೂಸಿನ ಬಳಿ ಹೊತ್ತಿರಲಿಲ್ಲ.

ಶಸ್ತ್ರಚಿಕಿತ್ಸೆಗೆ ಒಯ್ದರು. ಹೊಟ್ಟೆ ತೆರೆದರು, ಮುಚ್ಚಿದರು. ಒಳಗೆ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಬೆಳಗಾಗಿ ಕಸ ಗುಡಿಸುವವರು ಬರುವ ಹೊತ್ತಿಗೆ ಪರದೆಯ ಮೇಲೆ ಆ ಹೊಳೆ ಆರಿತು. ನೀಲಗಂಗಾ ಬೀಜದ ಕೋಣೆಗೆ ಬಂದು ಪೆಟ್ಟಿಗೆ ತೆರೆದಳು. ತಾಯಿಹಾಲಿನ ನಳಿಗೆ ಮೇಲಿಂದ ಕೆಳಗಿನವರೆಗೆ ಮೋಡಗಟ್ಟಿತ್ತು. ಹಳೆಯ ಅಕ್ಕ ಎದ್ದಿದ್ದಳು, ಹಸಿದಿದ್ದಳು, ಎಲ್ಲ ನೆನಪಿತ್ತು ಅವಳಿಗೆ. ಥಂಡಿಯಲ್ಲಿ ಒಬ್ಬಳೇ ಬಿದ್ದಿದ್ದವಳೇ ಮಗಳು. ಇಷ್ಟು ವರ್ಷ ಕೆನ್ನೆಗೆ ಒತ್ತಿಕೊಂಡಿದ್ದು ಬೇರೆ ಯಾರನ್ನೋ.

ದಾಕ್ಷಾಯಣಿಗೆ ತಾನೇ ಹೇಳಿದಳು. ವೀರೇಶ ಬೇಡ ಅಂದ, ಡಾಕ್ಟರು ತಾವು ಹೇಳುತ್ತೇವೆ ಅಂದರು. ಕೇಳಲಿಲ್ಲ. ಮಂಚದ ಬದಿಗೆ ನಿಂತು ಎಲ್ಲವನ್ನೂ ಹೇಳಿದಳು. ಹಂಡೆ, ಹೆಪ್ಪು, ಎರಡು ನಳಿಗೆ.

ದಾಕ್ಷಾಯಣಿ ಗೋಡೆ ನೋಡುತ್ತಿದ್ದಳು. "ಯಾವ ಹನಿ ವೈನಿ? ನೀನ ಕೈಯಾರೆ ಹಾಕಿದ್ಯಲ್ಲಾ, ಅದ?"

"ಹೂಂ."

"ಹೊರಗ ಹೋಗು."

ನೀಲಗಂಗಾ ಹೋದಳು. ಬೀಜದ ಕೋಣೆಯ ಬೆಚ್ಚಗಿನ ಸೀಸೆಗಳನ್ನೆಲ್ಲ ಒಂದೊಂದಾಗಿ ತೆಗೆದು, ಒಳಗಿನ ಜೀವಿಗಳನ್ನು ಕೊಲ್ಲುವ ಉಗಿಯ ಕಡಾಯಿಗೆ ತುಂಬಿದಳು. ಒಂದನ್ನೂ ಕೆನ್ನೆಗೆ ಮುಟ್ಟಿಸಲಿಲ್ಲ. ಮುಚ್ಚಳ ಬಿಗಿದು ಗುಂಡಿ ಒತ್ತಿದಳು. ಒಳಗೆ ಉಗಿ ಏರಿ ಕಡಾಯಿ ಅದುರತೊಡಗಿದಾಗ ಕೈ ತನ್ನಿಂತಾನೇ ಗುಂಡಿಯ ಕಡೆ ಹೋಯಿತು. ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡು ನಿಂತಳು, ಅದುರುವುದು ನಿಲ್ಲುವವರೆಗೂ.

ಮನೆಯಲ್ಲಿ ಬಸಲಿಂಗವ್ವ ಆ ದಿನ ಹೆಪ್ಪು ಹಾಕಲಿಲ್ಲ. ಗಡಿಗೆಯನ್ನು ಹಿತ್ತಲಿಗೆ ಒಯ್ದು ಕರಿಬೇವಿನ ಬುಡಕ್ಕೆ ಸುರಿದಳು. ಎರಡು ದಿನ ಬಿಟ್ಟು ಪಕ್ಕದ ಮನೆಯಿಂದ ಒಂದು ಬಟ್ಟಲು ಮೊಸರು ತಂದು ಮತ್ತೆ ಹೆಪ್ಪು ಹಾಕಿದಳು. ಮೊಸರಾಯಿತು. ರುಚಿ ಬೇರೆ. ವೀರೇಶ ಅನ್ನಕ್ಕೆ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟು, ತಲೆ ತಗ್ಗಿಸಿ ಉಂಡ.

ವಾರ್ಡಿನ ಪರದೆಯಲ್ಲಿ ಹೊಳೆಗಳು ಮತ್ತೆ ಹಸಿರಾದವು. ಒಂದೇ ಹನಿಗೆ. ಬಾಗಿಲ ಹತ್ತಿರದ ಪೆಟ್ಟಿಗೆಯ ಕೂಸಿನ ಹೊಟ್ಟೆ ಇಳಿದು, ಅದು ಬದುಕಿಕೊಂಡಿತು. ಆಸ್ಪತ್ರೆಯವರು ನೀಲಗಂಗಾಳ ಮೇಲೆ ವಿಚಾರಣೆ ಇಟ್ಟರು. ಅದು ಮುಗಿಯುವವರೆಗೆ ಅವಳು ಕೂಸುಗಳ ಹತ್ತಿರ ಹೋಗುವಂತಿಲ್ಲ, ಆದರೆ ಹೊಸ ಶೀಶೆಗಳನ್ನು ಮಾಡಿ ಥಂಡಿಗೆ ಹಾಕಿಕೊಡಬೇಕು, ಬೇರೆ ಯಾರಿಗೂ ಆ ಕೈ ಇಲ್ಲ. ಇನ್ನು ಪ್ರತಿ ಹದವನ್ನೂ ತಾಯಿಹಾಲಿನಲ್ಲಿ ಬೆಳೆಸಿ ನೋಡಿಯೇ ಹೊರಗೆ ಬಿಡಬೇಕೆಂದು ಶಹನಾಜ್ ಡಾಕ್ಟರು ಹೊಸ ನಿಯಮ ಮಾಡಿದರು. ಹಾಲಿಗೆ ಮಾತ್ರ ಅದೇ ಬರ.

ಕೂಸು ಹೋದ ಮರುವಾರ, ಮಧ್ಯಾಹ್ನ, ಬೀಜದ ಕೋಣೆಯ ಬಾಗಿಲು ತೆರೆಯಿತು. ದಾಕ್ಷಾಯಣಿ. ತಲೆಗೆ ಕಟ್ಟಿದ ಬಾಣಂತಿಯ ಬಟ್ಟೆ ಹಾಗೇ ಇತ್ತು. ಕೈಯಲ್ಲಿ ಸ್ಟೀಲಿನ ಡಬ್ಬಿ. ರವಿಕೆಯ ಮುಂಭಾಗ ಒದ್ದೆಯಾಗಿತ್ತು.

"ನಿನ್ನ ಮಾರಿ ನೋಡಾಕ ಬಂದಿಲ್ಲ," ಅಂದಳು.

ನೀಲಗಂಗಾ ಎದ್ದು ನಿಂತಳು.

"ಎದಿ ಕಲ್ಲಾಗೈತಿ. ಅವ್ವ ಹಿಂಡಿ ಗೋಡಿಗೆ ಹಾಕು ಅಂತಾಳ, ಹಾಲು ನಿಲ್ಲತೈತಂತ. ಹಾಕಾಕ ನಿಂತೆ. ಆಗಲಿಲ್ಲ." ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಇಲ್ಲಿ ಹಾಲು ಕಡಿಮಿ ಬಿದ್ದೈತಿ ಅಂತ ಅಣ್ಣ ಅಂದ. ಅದಕ್ಕ ಹಾಕು."

ನೀಲಗಂಗಾ ಡಬ್ಬಿ ಮುಟ್ಟಿದಳು. ಬೆಚ್ಚಗಿತ್ತು.

"ಅಳಬ್ಯಾಡ. ನೀ ಅತ್ರ ನಾ ಎದ್ದ ಹೋಗ್ತೀನಿ."

ಅಳಲಿಲ್ಲ. ನಳಿಗೆಗಳಿಗೆ ಹಾಲು ಹಾಕಿದಳು, ಅಕ್ಕನನ್ನು ಬಿಟ್ಟಳು. ಹಿಂದಿನ ದಿನದ ಹದದಿಂದ ತುಂಬಿಸಿದ್ದ ಶೀಶೆಗಳು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಅವನ್ನು ಥಂಡಿಗೆ ಹಾಕುವುದಿತ್ತು. ದಾಕ್ಷಾಯಣಿ ಕುರ್ಚಿ ಎಳೆದುಕೊಂಡು ಕೂತು ನೋಡಿದಳು.

"ಇಕಿನ್ನ ಅದರಾಗ ಇಡ್ತೀಯೇನು? ಆ ಹಂಡೇದಾಗ?"

"ಹೂಂ."

"ಥಂಡಿ ಆಗೂದಿಲ್ಲಾ?"

"ಆಗತೈತಿ," ಅಂದಳು ನೀಲಗಂಗಾ. "ಆದ್ರ ಅಲ್ಲಿ ಏನೂ ಮರೆಯೂದಿಲ್ಲ."

ಹೊರಗೆ ಯಾವುದೋ ಕೂಸಿನ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು. ದಾಕ್ಷಾಯಣಿ ಎದ್ದು ಬಂದು ಮೊದಲ ಶೀಶೆಯನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು.

"ನನ್ನ ಕೂಸಿಗೂ ಹೆಸರಿಡಲಿಲ್ಲ," ಅಂದಳು. "ಎರಡು ಹೆಸರು ಹೊತಗೊಂಡು ತಿರಗಾಕ ನನಗ ಆಗೂದಿಲ್ಲ ವೈನಿ. ಒಂದಾದ್ರೂ ಇಳಸ್ತೀನಿ."

ಬಗ್ಗಿ, ಶೀಶೆಯ ಮುಚ್ಚಳಕ್ಕೆ ಬಾಯಿ ತಾಗುವಷ್ಟು ಹತ್ತಿರ ಹೋಗಿ, ತೊಟ್ಟಿಲ ಕೂಸಿನ ಕಿವಿಯಲ್ಲಿ ಹೇಳುವಂತೆಯೇ ಹೇಳಿದಳು.

"ಕುರ್ರ್. ಸುರಗಿ."

ಹಿಂದೆ ಹೆಂಗಸರು ಯಾರೂ ಇರಲಿಲ್ಲ. ನೀಲಗಂಗಾ ಒಬ್ಬಳೇ. ಅವಳ ಕೈ ಮೇಲೆದ್ದು ನಾದಿನಿಯ ಬೆನ್ನ ಮೇಲೆ ಬಂತು. ಗುದ್ದಲಾಗದೆ ಅಲ್ಲೇ ಉಳಿಯಿತು. ದಾಕ್ಷಾಯಣಿ ಆ ಕೈಯನ್ನು ಕೊಡವಲಿಲ್ಲ, ಹಿಡಿಯಲೂ ಇಲ್ಲ. ಶೀಶೆಯನ್ನು ನೀಲಗಂಗಾಳ ಅಂಗೈಗೆ ಇಟ್ಟಳು.

ನೀಲಗಂಗಾ ಹಂಡೆಯ ಮುಚ್ಚಳ ತೆಗೆದಳು. ಹೊಗೆ ಮೊಣಕೈವರೆಗೆ ಬಂತು. ಮಗಳನ್ನು ಕೈಯಾರೆ ಥಂಡಿಗೆ ಇಳಿಸಿದಳು.